ಮಲೆನಾಡಿನಲ್ಲಿ ನರ್ಸಿಂಗ್ ಸಂಶೋಧನೆ ಮತ್ತು ಸಿಬ್ಬಂದಿ ಬಲ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಉಪಕೇಂದ್ರ, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಮತ್ತು ತಾಲ್ಲೂಕು ಆಸ್ಪತ್ರೆಗಳ ಶುಶ್ರೂಷಾಧಿಕಾರಿಗಳು, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು, ಸಮುದಾಯ ಆರೋಗ್ಯ ಅಧಿಕಾರಿಗಳು, ನರ್ಸಿಂಗ್ ಕಾಲೇಜಿನ ಬೋಧಕರು ಮತ್ತು ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಸಂಶೋಧನೆ ಮತ್ತು ಸಿಬ್ಬಂದಿ ಎರಡನ್ನೂ ಒಂದೇ ಕಡೆ ಇಟ್ಟಿದ್ದೇವೆ. ಕೆಲಸವನ್ನು ಸರಿಯಾಗಿ ಅಳೆದು ಬರೆದಿಡದ ಕಡೆ ಹೊಸ ಹುದ್ದೆ ಕೇಳಲು ಆಧಾರವೇ ಇರುವುದಿಲ್ಲ.

ಸಂಶೋಧನೆ ಕಾಲೇಜಿನವರ ಕೆಲಸವಲ್ಲವೇ? ಪಿಎಚ್‌ಸಿ ಸಿಸ್ಟರಿಗೆ ಅದರಿಂದ ಏನು?

ನಮ್ಮ ರಾಜ್ಯದಲ್ಲೇ ನಡೆದ ಒಂದು ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರನ್ನು ಸೇರಿಸಿಕೊಂಡು ಒಂದು ಪ್ರಯೋಗ ನಡೆಯಿತು. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ರಕ್ತಸ್ರಾವವನ್ನು ಅಳತೆಯ ಚೀಲದಲ್ಲಿ ಹಿಡಿದು ಬರೆದವರು ಎಎನ್‌ಎಂ (ಸಹಾಯಕ ದಾದಿ-ಸೂಲಗಿತ್ತಿ) ಸಿಸ್ಟರುಗಳೇ. ರಕ್ತಸ್ರಾವ ತಡೆಯುವ, ಫ್ರಿಜ್ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು 600 ಮೈಕ್ರೋಗ್ರಾಂ ಪಡೆದವರಲ್ಲಿ 500 ಮಿ.ಲೀ. ಅಥವಾ ಹೆಚ್ಚಿನ ರಕ್ತಸ್ರಾವ ಶೇ. 6.4ರಷ್ಟು ಮಂದಿಗೆ ಆಯಿತು. ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಅದು ಶೇ. 12.0 ಇತ್ತು. ಫ್ರಿಜ್ ಇಲ್ಲದ ಕಡೆಯೂ ಬಾಣಂತಿಯ ಜೀವ ಉಳಿಸಬಹುದೆಂದು ಜಗತ್ತಿಗೆ ತೋರಿಸಿದ ಮುಖ್ಯ ಪುರಾವೆಗಳಲ್ಲಿ ಅದೂ ಒಂದು. ಹಳ್ಳಿಯ ಸಿಸ್ಟರ್ ಇಲ್ಲದಿದ್ದರೆ ಆ ಅಧ್ಯಯನವೇ ನಡೆಯುತ್ತಿರಲಿಲ್ಲ.

ಆಡಿಟ್, ಗುಣಮಟ್ಟ ಸುಧಾರಣೆ, ಸಂಶೋಧನೆ: ಮೂರಕ್ಕೂ ವ್ಯತ್ಯಾಸವೇನು?

ಆಗಲೇ ಒಪ್ಪಿತವಾದ ನಿಯಮವನ್ನು ನಾವು ಪಾಲಿಸುತ್ತಿದ್ದೇವೆಯೇ ಎಂದು ನೋಡುವುದು ಆಡಿಟ್. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 10 ಯುನಿಟ್ ಸ್ನಾಯುವಿಗೆ ಕೊಟ್ಟಿದ್ದೇವೆಯೇ ಎಂದು ಮೂರು ತಿಂಗಳ ಕೇಸ್ ಶೀಟ್ ತೆಗೆದು ನೋಡುವುದು ಇದಕ್ಕೆ ಉದಾಹರಣೆ. ಕಂಡ ಕೊರತೆಯನ್ನು ಸಣ್ಣ ಬದಲಾವಣೆಯಿಂದ ಸರಿಪಡಿಸಿ, ಮತ್ತೆ ಅಳೆದು, ಮತ್ತೆ ಬದಲಿಸುವುದು ಗುಣಮಟ್ಟ ಸುಧಾರಣೆ. ಉತ್ತರ ಯಾರಿಗೂ ಗೊತ್ತಿಲ್ಲದ, ಬೇರೆ ಊರಿಗೂ ಅನ್ವಯಿಸಬಹುದಾದ ಪ್ರಶ್ನೆಯನ್ನು ಕ್ರಮಬದ್ಧವಾಗಿ ಕೇಳುವುದು ಸಂಶೋಧನೆ.

ಹೊಸಬರು ಆಡಿಟ್‌ನಿಂದ ಶುರು ಮಾಡುವುದೇ ಒಳ್ಳೆಯದು. ತಿಂಗಳಿಗೆ ಒಂದು ಚುಕ್ಕಿ ಇಟ್ಟು ಗ್ರಾಫ್ ಬರೆಯಿರಿ, ನಡುವೆ ಮಧ್ಯಾಂಕದ ಗೆರೆ (ಅರ್ಧ ಚುಕ್ಕಿ ಮೇಲೆ, ಅರ್ಧ ಕೆಳಗೆ ಬರುವಂತೆ) ಎಳೆಯಿರಿ. ಸತತ 6 ಅಥವಾ ಹೆಚ್ಚು ಚುಕ್ಕಿ ಗೆರೆಯ ಒಂದೇ ಬದಿಗೆ ಬಿದ್ದರೆ ನಿಜವಾದ ಬದಲಾವಣೆ ಆಗಿದೆ ಎಂದು ತಿಳಿಯಬಹುದು. ಒಂದು ತಿಂಗಳು ಏರಿತು, ಇನ್ನೊಂದು ತಿಂಗಳು ಇಳಿಯಿತು ಎಂದು ಸಭೆಯಲ್ಲಿ ಹೊಗಳುವುದೂ ಬೈಯುವುದೂ ಎರಡೂ ತಪ್ಪು.

ಮಲೆನಾಡಿಗೆ ಹೊಂದುವ ಪ್ರಶ್ನೆ ಯಾವುದು? ಎಲ್ಲರೂ "ಜ್ಞಾನ ಮತ್ತು ಮನೋಭಾವ" ಎಂಬ ವಿಷಯವನ್ನೇ ತೆಗೆದುಕೊಳ್ಳುತ್ತಾರಲ್ಲ?

ತೆಗೆದುಕೊಳ್ಳುತ್ತಾರೆ, ಅದರಿಂದ ವಾರ್ಡಿನಲ್ಲಿ ಏನೂ ಬದಲಾಗುವುದಿಲ್ಲ. ಪ್ರಶ್ನಾವಳಿ ಕೊಟ್ಟು, ಪಾಠ ಮಾಡಿ, ಅದೇ ಪ್ರಶ್ನಾವಳಿಯನ್ನು ವಾರದ ನಂತರ ಕೊಟ್ಟರೆ ಅಂಕ ಏರಿಯೇ ಏರುತ್ತದೆ. ಅದಕ್ಕಿಂತ ಕೈಯಿಂದ ಮಾಡುವ ಕೆಲಸವನ್ನು, ಸಮಯವನ್ನು, ಉಷ್ಣಾಂಶವನ್ನು ಅಳೆಯಿರಿ. ಇಲ್ಲಿಯದೇ ಆದ ಮೂರು ವಿಷಯಗಳನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲನೆಯದು ಮಳೆಗಾಲದ ಆಕ್ಸಿಟೋಸಿನ್. ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜೂನ್-ಜುಲೈನಲ್ಲಿ ಮರ ಬಿದ್ದು ಲೈನ್ ಹರಿದರೆ ಹೊಸನಗರ, ತೀರ್ಥಹಳ್ಳಿ ಕಡೆ ಕರೆಂಟು ದಿನಗಟ್ಟಲೆ ಬಾರದಿರಬಹುದು. ಫ್ರಿಜ್‌ನ ಒಳಗೊಂದು, ಹೆರಿಗೆ ಕೋಣೆಯ ಟ್ರೇಯಲ್ಲೊಂದು ಉಷ್ಣಾಂಶ ದಾಖಲಿಸುವ ಸಣ್ಣ ಯಂತ್ರ ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಟೆಗೊಂದು ರೀಡಿಂಗ್ ತೆಗೆಯಿರಿ. ಬೆಳಿಗ್ಗೆ ಮತ್ತು ಸಂಜೆ ಕೈಯಲ್ಲಿ ಬರೆದ ಚಾರ್ಟ್ ಜೊತೆ ಅದನ್ನು ಹೋಲಿಸಿ. ಚಾರ್ಟಿನಲ್ಲಿ ಎಲ್ಲ ದಿನವೂ ಒಂದೇ ಅಂಕಿ ಇದ್ದರೆ ಅದನ್ನು ಒಟ್ಟಿಗೆ ಕೂತು ಬರೆದಿರುವ ಸಾಧ್ಯತೆಯೇ ಹೆಚ್ಚು. ಇನ್ನೊಂದು ಸಾಮಾನ್ಯ ದೋಷವಿದೆ. ತುರ್ತಿಗೆ ಸಿಗಲೆಂದು ಟ್ರೇಯಲ್ಲಿ ಇಟ್ಟ ಆಂಪೂಲ್ ಹೆರಿಗೆಯಿಲ್ಲದೆ ವಾರಗಟ್ಟಲೆ ಹೊರಗೇ ಉಳಿಯುತ್ತದೆ. ಯಂತ್ರವನ್ನು ಫ್ರಿಜ್ ಬಾಗಿಲಿನ ತಟ್ಟೆಯಲ್ಲಿ ಇಡಬೇಡಿ, ಬಾಗಿಲು ತೆರೆದಾಗಲೆಲ್ಲ ಅಂಕಿ ಜಿಗಿಯುತ್ತದೆ. ಔಷಧಿ ಇಡುವ ಜಾಗದಲ್ಲೇ ಇಡಿ.

ಎರಡನೆಯದು ಹಾವು ಕಡಿತ. 2024ರಲ್ಲಿ ಕರ್ನಾಟಕ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಹಾಗಾಗಿ ದಾಖಲೆ ಈಗ ಹೆಚ್ಚು ಸಿಗುತ್ತದೆ. ಸಿಸ್ಟರ್ ಅಳೆಯಬಹುದಾದದ್ದು 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ (ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂಬ ಸೂಚನೆ) ಗುಣಮಟ್ಟ. ಹೊಸ, ಒಣಗಿದ, ಗಾಜಿನ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಒಮ್ಮೆ ಮಾತ್ರ ಓರೆ ಮಾಡಿ ನೋಡಬೇಕು. ಪ್ಲಾಸ್ಟಿಕ್ ಟ್ಯೂಬ್ ಬಳಸಿದರೆ ಅಥವಾ ಸೋಪಿನಿಂದ ತೊಳೆದ ಟ್ಯೂಬ್ ಮತ್ತೆ ಬಳಸಿದರೆ ವಿಷವಿಲ್ಲದ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಆಗ ಬೇಡದವರಿಗೂ ಪ್ರತಿವಿಷ ಏರುತ್ತದೆ. ಐದು ನಿಮಿಷಕ್ಕೊಮ್ಮೆ ಎತ್ತಿ ನೋಡುವುದರಿಂದಲೂ ಫಲಿತಾಂಶ ಕೆಡುತ್ತದೆ. ಕಡಿದ ಹೊತ್ತು, ಮನೆ ಬಿಟ್ಟ ಹೊತ್ತು, ಮೊದಲ ಆಸ್ಪತ್ರೆ ತಲುಪಿದ ಹೊತ್ತು, ಪ್ರತಿವಿಷದ ಮೊದಲ ವೈಲ್ (ಸೀಸೆ) ಶುರುವಾದ ಹೊತ್ತು ಎಂಬ ನಾಲ್ಕು ಸಮಯ ಬರೆದರೆ ತಡ ಎಲ್ಲಿ ಆಗುತ್ತಿದೆ ಎಂದು ಗೊತ್ತಾಗುತ್ತದೆ. ಪಶ್ಚಿಮ ಘಟ್ಟದ ಗೂನುಮೂಗಿನ ಗುಳಿಮಂಡಲದ ವಿಷಕ್ಕೆ ಈಗಿರುವ ಪ್ರತಿವಿಷ ಕೆಲಸ ಮಾಡುವುದಿಲ್ಲ. ಆದ್ದರಿಂದ ಹಾವಿನ ಗುರುತು ಸಿಕ್ಕಿದ್ದರೆ ಅದನ್ನೂ ಪ್ರತ್ಯೇಕ ಅಂಕಣದಲ್ಲಿ ಬರೆಯಿರಿ. ಹಾವನ್ನು ಹಿಡಿದು ತರಲು ಮಾತ್ರ ಯಾರಿಗೂ ಹೇಳಬೇಡಿ.

ಮೂರನೆಯದು ಉಣುಗಿನಿಂದ ಹರಡುವ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ರೋಗ ಇದು. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸುತ್ತದೆ. ಹಳೆಯ ಲಸಿಕೆ ನಿಂತ ಮೇಲೆ ಉಣುಗು ಕಚ್ಚದಂತೆ ಹಚ್ಚುವ ಡೆಪಾ ಎಣ್ಣೆಯ ಮೇಲೆ ಭಾರ ಹೆಚ್ಚಾಗಿದೆ. "ಎಣ್ಣೆ ಹಚ್ಚುತ್ತೀರಾ?" ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಕೊಟ್ಟವರ ಎದುರು ಇಲ್ಲ ಎನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಬದಲಿಗೆ ಬಾಟಲಿ ಕೊಡುವಾಗ ಒಮ್ಮೆ ತೂಕ ಮಾಡಿ, 15 ದಿನದ ನಂತರ ಮತ್ತೆ ತೂಕ ಮಾಡಿ. ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ಆ 15 ದಿನದಲ್ಲಿ ದರಗು, ಸೊಪ್ಪು, ಸೌದೆಗೆಂದು ಕಾಡಿಗೆ ಎಷ್ಟು ಸಲ ಹೋದರು ಎಂದು ಕೇಳಿ ಬರೆದುಕೊಂಡರೆ, ಒಂದು ಸಲಕ್ಕೆ ಎಷ್ಟು ಎಣ್ಣೆ ಖರ್ಚಾಯಿತು ಎಂಬ ಲೆಕ್ಕ ಸಿಗುತ್ತದೆ. ಮನೆಯಲ್ಲಿ ಎಷ್ಟು ಜನ ಹಚ್ಚಿಕೊಂಡರು ಎಂದೂ ಕೇಳಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಯಾರ ಅನುಮತಿ ಬೇಕು? ಯಾವ ಕ್ರಮದಲ್ಲಿ?

ಮೊದಲು ಎರಡು ಪುಟದ ಟಿಪ್ಪಣಿ ಬರೆದು ನಿಮ್ಮ ವೈದ್ಯಾಧಿಕಾರಿಗೆ ತೋರಿಸಿ. ಅವರ ಮೂಲಕ ತಾಲ್ಲೂಕು ಆರೋಗ್ಯಾಧಿಕಾರಿ, ನಂತರ ಜಿಲ್ಲಾ ಆರೋಗ್ಯಾಧಿಕಾರಿ. ಆಮೇಲೆ ನೈತಿಕ ಸಮಿತಿ. 2019ರ ನಿಯಮಗಳ ಪ್ರಕಾರ ಆರೋಗ್ಯ ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಾಯಿತವಾಗಿರಬೇಕು. ಸಭೆಗೆ ಕನಿಷ್ಠ 5 ಸದಸ್ಯರ ಹಾಜರಿ ಬೇಕು. ಪಿಎಚ್‌ಸಿಯಲ್ಲಿ ಇಂಥ ಸಮಿತಿ ಇರುವುದಿಲ್ಲ. ಆದ್ದರಿಂದ ವೈದ್ಯಕೀಯ ಅಥವಾ ನರ್ಸಿಂಗ್ ಕಾಲೇಜಿನ ಬೋಧಕರೊಬ್ಬರನ್ನು ಸಹ ಸಂಶೋಧಕರಾಗಿ ಸೇರಿಸಿಕೊಂಡು ಅವರ ಸಂಸ್ಥೆಯ ಸಮಿತಿಗೆ ಅರ್ಜಿ ಹಾಕುವುದು ಸುಲಭದ ದಾರಿ. ಎಂಎಸ್ಸಿ ವಿದ್ಯಾರ್ಥಿಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಾರಾಂಶವನ್ನೂ ಸಲ್ಲಿಸಬೇಕು.

ಸಮಿತಿಯ ಪತ್ರ ಕೈಗೆ ಬರುವ ಮೊದಲು ಒಂದು ನಮೂನೆಯನ್ನೂ ತುಂಬಿಸಬೇಡಿ. ಹಿಂದಿನ ದಿನಾಂಕಕ್ಕೆ ಯಾವ ಸಮಿತಿಯೂ ಒಪ್ಪಿಗೆ ಕೊಡುವಂತಿಲ್ಲ, ಮತ್ತು ಹಾಗೆ ಸಂಗ್ರಹಿಸಿದ ಮಾಹಿತಿಯನ್ನು ಒಳ್ಳೆಯ ಪತ್ರಿಕೆಗಳು ಮುಟ್ಟುವುದಿಲ್ಲ. ಔಷಧ ಅಥವಾ ಚಿಕಿತ್ಸೆಯ ಹೋಲಿಕೆ ಇದ್ದರೆ, ಮೊದಲ ವ್ಯಕ್ತಿಯನ್ನು ಸೇರಿಸುವ ಮೊದಲೇ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಿಸಬೇಕು.

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದರೆ ಸಾಲದೇ?

ಸಾಲದು. ಓದಲು ಬಾರದವರಿಗೆ ಪೂರ್ತಿ ಓದಿ ಹೇಳಬೇಕು, ಸಂಶೋಧನಾ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಕೊನೆಯವರೆಗೂ ಇದ್ದು ಸಹಿ ಹಾಕಬೇಕು, ಒಂದು ಪ್ರತಿ ಅವರ ಬಳಿಯೇ ಉಳಿಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಮಕ್ಕಳಿದ್ದರೆ ತಂದೆ-ತಾಯಿಯ ಒಪ್ಪಿಗೆಯ ಜೊತೆಗೆ, 7ರಿಂದ 12 ವರ್ಷದವರ ಬಾಯಿಮಾತಿನ ಸಮ್ಮತಿ ಮತ್ತು 12ರಿಂದ 18ರವರ ಲಿಖಿತ ಸಮ್ಮತಿ ಬೇಕು.

ನಮ್ಮ ಕಡೆಯ ಒಂದು ಕಷ್ಟವನ್ನು ಹೇಳಲೇಬೇಕು. ಜಗಲಿಯಲ್ಲಿ ಕೂತು ಸೊಸೆಯನ್ನು ಕೇಳಿದರೆ ಒಳಗಿನಿಂದ ಅತ್ತೆ ಉತ್ತರ ಕೊಡುತ್ತಾರೆ. ಗರ್ಭನಿರೋಧಕ, ಮುಟ್ಟು, ಹೊಡೆತ-ಬಡಿತದ ಪ್ರಶ್ನೆಗಳಿದ್ದರೆ ಮನೆಯಲ್ಲಿ ಕೇಳಬೇಡಿ. ಉಪಕೇಂದ್ರಕ್ಕೆ ತಪಾಸಣೆಗೆ ಬಂದಾಗ ಪ್ರತ್ಯೇಕ ಕೋಣೆಯಲ್ಲಿ ಕೇಳಿ. ಅವರಿಗೆ ಚಿಕಿತ್ಸೆ ಕೊಡುವ ಸಿಸ್ಟರೇ ಒಪ್ಪಿಗೆ ಕೇಳಬಾರದು. "ಬೇಡ ಅಂದರೆ ನಾಳೆ ಮಾತ್ರೆ ಕೊಡುತ್ತಾರೋ ಇಲ್ಲವೋ" ಎಂಬ ಭಯ ಬಾಯಿಬಿಟ್ಟು ಹೇಳದಿದ್ದರೂ ಇರುತ್ತದೆ. ಪಕ್ಕದ ಉಪಕೇಂದ್ರದವರು ಬಂದು ಕೇಳಲಿ.

ಎಷ್ಟು ಜನರನ್ನು ತೆಗೆದುಕೊಳ್ಳಬೇಕು?

ಶೇಕಡಾವಾರು ಪ್ರಮಾಣ ತಿಳಿಯುವುದು ಗುರಿಯಾಗಿದ್ದು, ಮೊದಲಿನ ಅಂದಾಜೇ ಇಲ್ಲದಿದ್ದರೆ ಶೇ. 50 ಎಂದಿಟ್ಟುಕೊಳ್ಳಿ. ಶೇ. 95 ವಿಶ್ವಾಸದಲ್ಲಿ, ಆಚೀಚೆ 5 ಅಂಶದ ನಿಖರತೆಗೆ 384 ಜನ ಬೇಕು. 10 ಅಂಶ ಸಾಕೆಂದರೆ 96. ಹಳ್ಳಿಗಳನ್ನು ಗುಂಪಾಗಿ ಆರಿಸಿದರೆ ಒಂದೇ ಊರಿನವರ ಉತ್ತರಗಳು ಹೋಲುತ್ತವೆ, ಹಾಗಾಗಿ 1.5ರಿಂದ 2ರವರೆಗಿನ ಸಂಖ್ಯೆಯಿಂದ ಗುಣಿಸಿ: 1.5 ಹಿಡಿದರೆ 96 ಎಂಬುದು 144 ಆಗುತ್ತದೆ. ಹತ್ತರಲ್ಲಿ ಒಬ್ಬರು ಸಿಗುವುದಿಲ್ಲ ಎಂದು ಲೆಕ್ಕ ಹಿಡಿದರೆ 160.

ತಾಲ್ಲೂಕಿನಲ್ಲಿ ಒಟ್ಟು 120 ನರ್ಸ್‌ಗಳಷ್ಟೇ ಇದ್ದರೆ 384 ಎಲ್ಲಿಂದ ತರುವುದು? ಸಣ್ಣ ಸಮೂಹಕ್ಕೆ ತಿದ್ದುಪಡಿ ಹಾಕಿದಾಗ ಅದು 92ಕ್ಕೆ ಇಳಿಯುತ್ತದೆ. ಅಷ್ಟಕ್ಕೆ ಬಂದಮೇಲೆ 120 ಜನರನ್ನೂ ಕೇಳಿಬಿಡುವುದೇ ಮೇಲು.

ಸಂಖ್ಯೆಗಿಂತ ದೊಡ್ಡ ತಪ್ಪು ಮನೆ ಆರಿಸುವುದರಲ್ಲಿ ಆಗುತ್ತದೆ. ಮಲೆನಾಡಿನಲ್ಲಿ ಮನೆಗಳು ತೋಟಕ್ಕೊಂದರಂತೆ ಚದುರಿವೆ. ಜೀಪು ಹೋಗುವ ರಸ್ತೆಯ ಮನೆಗಳನ್ನೇ ತಂಡ ಆರಿಸಿಕೊಂಡರೆ, ಹಳ್ಳ ದಾಟಿ ಕಾಲುಸಂಕದ ಆಚೆ ಇರುವ ಮನೆಗಳು ಲೆಕ್ಕದಿಂದಲೇ ಬಿಟ್ಟುಹೋಗುತ್ತವೆ. ಆರೋಗ್ಯ ಸೇವೆ ತಲುಪದಿರುವುದು ಆ ಮನೆಗಳಿಗೇ. ಆಶಾ ಕಾರ್ಯಕರ್ತೆಯ ಮನೆಪಟ್ಟಿಗೆ ಕ್ರಮಸಂಖ್ಯೆ ಹಾಕಿ, ಚೀಟಿ ಎತ್ತಿ, ಬಂದ ಮನೆಗೇ ಹೋಗಿ. ಅಡಿಕೆ ಸುಗ್ಗಿಯಲ್ಲಿ ಹಗಲು ಹೋದರೆ ಮುದುಕರಷ್ಟೇ ಸಿಗುತ್ತಾರೆ. ಬೀಗ ಕಂಡರೆ ಪಕ್ಕದ ಮನೆಗೆ ಹೋಗದೆ, ಬೇರೆ ಹೊತ್ತಿನಲ್ಲಿ ಕನಿಷ್ಠ ಇನ್ನೆರಡು ಸಲ ಅದೇ ಮನೆಗೆ ಹೋಗಬೇಕು.

ಇರುವ ರಿಜಿಸ್ಟರುಗಳಿಂದಲೇ ಅಧ್ಯಯನ ಮಾಡಬಹುದೇ?

ಮಾಡಬಹುದು, ಆದರೆ ಮೊದಲು ರಿಜಿಸ್ಟರನ್ನೇ ಪರೀಕ್ಷಿಸಿ. ರಕ್ತದೊತ್ತಡದ ಕಾಲಂ ತೆಗೆದುಕೊಂಡು ಕೊನೆಯ ಅಂಕಿ ಎಣಿಸಿ. ಡಿಜಿಟಲ್ ಯಂತ್ರವಾದರೆ 0ಯಲ್ಲಿ ಕೊನೆಯಾಗುವ ರೀಡಿಂಗ್ ಸುಮಾರು ಶೇ. 10 ಇರಬೇಕು. 2 ಮಿ.ಮೀ. ಗೆರೆಗಳ ಹಳೆಯ ಯಂತ್ರದಲ್ಲಿ ಸುಮಾರು ಶೇ. 20. ಅರ್ಧಕ್ಕಿಂತ ಹೆಚ್ಚು ರೀಡಿಂಗ್ 0ಯಲ್ಲಿ ಮುಗಿದಿದ್ದರೆ ಕಣ್ಣಂದಾಜಿನಲ್ಲಿ ಬರೆದದ್ದು. 140/90 ಎಂಬ ಗೆರೆಯ ಹತ್ತಿರ ಈ ಅಂದಾಜು ಒಬ್ಬ ವ್ಯಕ್ತಿ ರೋಗಿಯೋ ಅಲ್ಲವೋ ಎಂಬುದನ್ನೇ ಬದಲಿಸುತ್ತದೆ.

ಗರ್ಭಿಣಿಯರ ಲೆಕ್ಕದಲ್ಲಿ ಬೇರೆ ತೊಡಕು. ಗಂಡನ ಮನೆಯಲ್ಲಿ ನೋಂದಣಿಯಾಗಿ, ಏಳನೇ ತಿಂಗಳಿಗೆ ತವರಿಗೆ ಹೋದವರು ಎರಡೂ ಕಡೆ ಕಾಣಿಸಬಹುದು, ಅಥವಾ ಹೆರಿಗೆಯ ಫಲಿತಾಂಶ ಎರಡೂ ಕಡೆ ಖಾಲಿ ಇರಬಹುದು. ತಾಯಿ ಕಾರ್ಡಿನ ಸಂಖ್ಯೆ ಹಿಡಿದು ಜೋಡಿಸದೆ ಎಣಿಸಬೇಡಿ.

ನಮ್ಮ ಉಪಕೇಂದ್ರಕ್ಕೆ ಒಬ್ಬರು ಸಾಲುವುದಿಲ್ಲ ಎಂದು ಹೇಗೆ ತೋರಿಸುವುದು?

ನಮ್ಮ ಮಟ್ಟಿಗೆ ಈ ಪುಟದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಈಗಿನ ಮಾನದಂಡ ಜನಸಂಖ್ಯೆಯದು. ಬಯಲಿನಲ್ಲಿ 5,000 ಜನರಿಗೆ, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ. ಪಿಎಚ್‌ಸಿಗೆ ಕ್ರಮವಾಗಿ 30,000 ಮತ್ತು 20,000. ಗುಡ್ಡಗಾಡಿಗೆ ರಿಯಾಯಿತಿ ಇದೆ, ಸರಿ. ಆದರೆ ಆಗುಂಬೆಯ ಮಳೆಯಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುವ ಹೊತ್ತು ಜನಸಂಖ್ಯೆಯ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ವಿಸ್ನ್ ವಿಧಾನ ಕೆಲಸದ ಹೊರೆಯಿಂದ ಹುದ್ದೆ ಲೆಕ್ಕ ಹಾಕುತ್ತದೆ. ಮಾದರಿಗಾಗಿ ಊಹಿಸಿದ ಅಂಕಿಗಳಲ್ಲಿ ಮಾಡಿ ತೋರಿಸುತ್ತೇವೆ. ನಿಮ್ಮ ರಿಜಿಸ್ಟರಿನ ಅಂಕಿಗಳನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಿ.

ಮೊದಲ ಹೆಜ್ಜೆ, ಒಬ್ಬರಿಗೆ ವರ್ಷದಲ್ಲಿ ಸಿಗುವ ಕೆಲಸದ ಸಮಯ. ವಾರಕ್ಕೆ 6 ದಿನದಂತೆ 312 ದಿನ. ಅದರಲ್ಲಿ ಹಬ್ಬದ ರಜೆ, ಸಾಂದರ್ಭಿಕ ರಜೆ, ಗಳಿಕೆ ರಜೆ, ಅನಾರೋಗ್ಯ, ತರಬೇತಿ ಸೇರಿ 66 ದಿನ ಕಳೆಯಿರಿ. ಉಳಿಯುವುದು 246 ದಿನ, ದಿನಕ್ಕೆ 7 ಗಂಟೆಯಂತೆ 1,722 ಗಂಟೆ.

ಎರಡನೆಯದು, ಸೇವೆಯ ಕೆಲಸ. 60 ಗರ್ಭಿಣಿಯರಿಗೆ ತಲಾ 4 ತಪಾಸಣೆ, ಒಂದಕ್ಕೆ 30 ನಿಮಿಷ: 120 ಗಂಟೆ. 48 ಲಸಿಕಾ ದಿನ, ತಲಾ 5 ಗಂಟೆ: 240. ಬಿಪಿ-ಶುಗರ್ ಮರುತಪಾಸಣೆ 2,400, ತಲಾ 10 ನಿಮಿಷ: 400. ಸಣ್ಣಪುಟ್ಟ ಕಾಯಿಲೆ 1,800, ತಲಾ 8 ನಿಮಿಷ: 240. ಮನೆಭೇಟಿ 900, ಮನೆಯೊಳಗೆ ತಲಾ 20 ನಿಮಿಷ: 300. ಒಟ್ಟು 1,300 ಗಂಟೆ.

ಮೂರನೆಯದು, ಎಲ್ಲರೂ ಮಾಡಲೇಬೇಕಾದ ಪೂರಕ ಕೆಲಸ. ಪೋರ್ಟಲ್ ತುಂಬುವುದು ಮತ್ತು ವರದಿ ದಿನಕ್ಕೆ ಒಂದೂವರೆ ಗಂಟೆ, ವರ್ಷಕ್ಕೆ 369. ಸಭೆ ತಿಂಗಳಿಗೆ 4 ಗಂಟೆ, ವರ್ಷಕ್ಕೆ 48. ಎರಡೂ ಸೇರಿ 417, ಅಂದರೆ ಒಟ್ಟು ಸಮಯದ ಶೇ. 24.2. ಇದನ್ನು ಸೇವೆಯ ಗಂಟೆಗಳಿಗೆ ಕೂಡಿಸುವುದಲ್ಲ. ಒಂದರಿಂದ 0.242 ಕಳೆದು, ಉಳಿದದ್ದರಿಂದ ಒಂದನ್ನು ಭಾಗಿಸಿದರೆ 1.32 ಬರುತ್ತದೆ. ಅದರಿಂದ ಗುಣಿಸಬೇಕು.

1,300 ಗಂಟೆಯನ್ನು 1,722ರಿಂದ ಭಾಗಿಸಿ 1.32ರಿಂದ ಗುಣಿಸಿದರೆ 1.0. ಒಬ್ಬರು ಸಾಕು ಎನ್ನುತ್ತದೆ ಲೆಕ್ಕ.

ಈಗ ದಾರಿಯ ಸಮಯ ಸೇರಿಸಿ. ಒಂದು ಮನೆಭೇಟಿಗೆ ಸರಾಸರಿ 35 ನಿಮಿಷ ದಾರಿ ಎಂದರೆ 900 ಭೇಟಿಗೆ 525 ಗಂಟೆ. ಒಟ್ಟು 1,825 ಆಗುತ್ತದೆ, ಅಗತ್ಯ 1.4ಕ್ಕೆ ಏರುತ್ತದೆ. ಇರುವವರು ಒಬ್ಬರು, ಬೇಕಾದವರು 1.4, ಅನುಪಾತ 0.71. ಉಳಿದ ಕೆಲಸ ಎಲ್ಲಿ ಹೋಯಿತು? ಒಂದೋ ಸಿಸ್ಟರ್ ರಾತ್ರಿ ಮನೆಯಲ್ಲಿ ಕೂತು ಪೋರ್ಟಲ್ ತುಂಬುತ್ತಿದ್ದಾರೆ, ಇಲ್ಲವೇ ದೂರದ ಮನೆಗಳ ಭೇಟಿ ಬಿಟ್ಟುಹೋಗುತ್ತಿದೆ. ಯಾರೂ ಸೋಮಾರಿಗಳಲ್ಲ, ಲೆಕ್ಕವೇ ದಾರಿಯನ್ನು ಬಿಟ್ಟಿದೆ.

ದಾರಿಯ ಸಮಯವನ್ನು ನಂಬುವಂತೆ ಅಳೆಯುವುದು ಹೇಗೆ?

ನೆನಪಿನಿಂದ ಬರೆಸಬೇಡಿ. ಹೊರಟ ಹೊತ್ತು, ಮನೆ ತಲುಪಿದ ಹೊತ್ತು, ಬಿಟ್ಟ ಹೊತ್ತು ಎಂಬ ಮೂರು ಕಾಲಂಗಳ ಜೇಬುಪುಸ್ತಕ ಸಾಕು. ನಾಲ್ಕನೆಯ ಕಾಲಂನಲ್ಲಿ ಹೇಗೆ ಹೋದರು ಎಂದು ಬರೆಯಲಿ: ನಡಿಗೆ, ಸ್ಕೂಟರ್, ಬಸ್ಸು, ಲಾಂಚ್. ಎರಡು ವಾರ ಮಳೆಗಾಲದಲ್ಲಿ, ಎರಡು ವಾರ ಬೇಸಿಗೆಯಲ್ಲಿ ಬರೆಸಿ, ಎರಡರ ಸರಾಸರಿ ಬೇರೆ ಬೇರೆ ತೋರಿಸಿ. ಬೇಸಿಗೆಯಲ್ಲಷ್ಟೇ ಅಳೆದರೆ ಒಳದಾರಿ, ಒಣಗಿದ ಹಳ್ಳ ಎಲ್ಲ ದಾಟಬಹುದಾದ್ದರಿಂದ ಸಮಯ ಕಡಿಮೆ ಬರುತ್ತದೆ. ರಸ್ತೆ ಬದಲಾದಾಗ ಮತ್ತೆ ಅಳೆಯಬೇಕು. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ತುಮರಿ ಕಡೆಯ ಹಳೆಯ ಅಂಕಿಗಳು ಕೆಲಸಕ್ಕೆ ಬಾರವು. ಸೇತುವೆಯ ಮುಂಚಿನ ದಾಖಲೆ ಯಾರ ಬಳಿಯಾದರೂ ಇದ್ದರೆ ಜೋಪಾನ ಮಾಡಿ, ಅದು ಒಳ್ಳೆಯ ಹೋಲಿಕೆಯ ಅಧ್ಯಯನವಾಗುತ್ತದೆ.

ಜೇಬುಪುಸ್ತಕವನ್ನು ಹಾಜರಾತಿ ತಪಾಸಣೆಗೆ ಬಳಸುವುದಿಲ್ಲ ಎಂದು ಅಧಿಕಾರಿಗಳಿಂದ ಮೊದಲೇ ಬರೆಸಿಕೊಳ್ಳಿ. ಆ ಭರವಸೆ ಇಲ್ಲದಿದ್ದರೆ ಬರುವ ಅಂಕಿ ಸುಳ್ಳಾಗಿರುತ್ತದೆ.

ಒಳನಾಡಿಗೆ ಬಂದ ನರ್ಸ್‌ಗಳು ಯಾಕೆ ಉಳಿಯುವುದಿಲ್ಲ?

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ, ಮತ್ತೆ 2021ರಲ್ಲಿ ಇದರ ಬಗ್ಗೆ ಶಿಫಾರಸು ಹೊರಡಿಸಿದೆ. ಹಳ್ಳಿಯ ಮಕ್ಕಳಿಗೆ ಪ್ರವೇಶದಲ್ಲಿ ಆದ್ಯತೆ, ದೊಡ್ಡ ನಗರದಾಚೆ ಕಾಲೇಜು, ಓದುವಾಗಲೇ ಹಳ್ಳಿಯಲ್ಲಿ ಕಲಿಕೆ, ಒಳ್ಳೆಯ ವಸತಿ, ಸುರಕ್ಷಿತ ಕೆಲಸದ ಜಾಗ, ಮೇಲೇರುವ ಅವಕಾಶ, ಇವೆಲ್ಲ ಜೊತೆಯಾಗಿ ಬೇಕು. ಭತ್ಯೆಯೊಂದನ್ನೇ ಏರಿಸಿದರೆ ಸಾಲದು. ಕ್ವಾರ್ಟರ್ಸ್ ಸೋರುತ್ತಿದ್ದರೆ, ರಾತ್ರಿ ಡ್ಯೂಟಿಗೆ ಒಬ್ಬರೇ ಇರಬೇಕಾದರೆ, ಮಕ್ಕಳ ಶಾಲೆ 30 ಕಿ.ಮೀ. ದೂರವಿದ್ದರೆ ವರ್ಗಾವಣೆ ಅರ್ಜಿ ಬರುವುದು ಸಹಜ.

ಅಳೆಯುವಾಗ ಎರಡು ಅಂಕಿ ಒಟ್ಟಿಗೆ ನೋಡಿ. ತಾಲ್ಲೂಕಿನಲ್ಲಿ 10 ಹುದ್ದೆ, ವರ್ಷದಲ್ಲಿ ಬಿಟ್ಟುಹೋದವರು 4. ಬಿಟ್ಟುಹೋದ ಪ್ರಮಾಣ ಶೇ. 40, ಇಡೀ ತಾಲ್ಲೂಕೇ ಖಾಲಿಯಾದಂತೆ ಕಾಣುತ್ತದೆ. ಆದರೆ ವರ್ಷದ ಆರಂಭದಲ್ಲಿದ್ದ 10 ಜನರಲ್ಲಿ 9 ಮಂದಿ ಕೊನೆಗೂ ಅಲ್ಲೇ ಇದ್ದರೆ ಸ್ಥಿರತೆ ಶೇ. 90. ಅಂದರೆ ಒಂದೇ ಜಾಗಕ್ಕೆ ನಾಲ್ಕು ಸಲ ಜನ ಬಂದು ಹೋಗಿದ್ದಾರೆ. ಆ ಒಂದು ಕಟ್ಟಡಕ್ಕೆ ಹೋಗಿ ನೋಡಿದರೆ ಕಾರಣ ಸಿಗುತ್ತದೆ. ಹೋಗುವವರನ್ನು ಕೇಳುವುದರ ಜೊತೆಗೆ ಉಳಿದವರನ್ನೂ "ಯಾವ ಕಾರಣಕ್ಕೆ ಉಳಿದಿರಿ, ಯಾವುದು ಕೆಟ್ಟರೆ ಹೋಗುತ್ತೀರಿ?" ಎಂದು ಕೇಳಿ. ಗುತ್ತಿಗೆ ನೌಕರರ ಅಂಕಿಯನ್ನು ಕಾಯಂ ನೌಕರರ ಜೊತೆ ಬೆರೆಸಬೇಡಿ.

ಎಎನ್‌ಎಂ ಓದಿದವರು ಮುಂದೆ ಎಲ್ಲಿಯವರೆಗೆ ಹೋಗಬಹುದು?

ಎಎನ್‌ಎಂ ಎರಡು ವರ್ಷ, ಅದರ ಮೇಲೆ ಜಿಎನ್‌ಎಂ (ಸಾಮಾನ್ಯ ಶುಶ್ರೂಷೆ ಮತ್ತು ಸೂಲಗಿತ್ತಿ ಡಿಪ್ಲೊಮಾ) ಮೂರು ವರ್ಷ, ಪೋಸ್ಟ್ ಬೇಸಿಕ್ ಬಿಎಸ್ಸಿ ಎರಡು ವರ್ಷ, ಎಂಎಸ್ಸಿ ಎರಡು ವರ್ಷ. ಆಯುಷ್ಮಾನ್ ಆರೋಗ್ಯ ಮಂದಿರಗಳ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗೆ ಆರು ತಿಂಗಳ ಸಮುದಾಯ ಆರೋಗ್ಯ ಸರ್ಟಿಫಿಕೇಟ್ ಅಥವಾ ಅದು ಸೇರಿಕೊಂಡಿರುವ ಬಿಎಸ್ಸಿ ಬೇಕು. ಹೆರಿಗೆ ಸೇವೆಯಲ್ಲೇ ಮುಂದುವರಿಯುವವರಿಗೆ ಕೇಂದ್ರದ 2018ರ ಮಾರ್ಗಸೂಚಿಯ 18 ತಿಂಗಳ ಮಿಡ್‌ವೈಫರಿ ತರಬೇತಿ ಇದೆ. ನೋಂದಣಿ ನವೀಕರಣಕ್ಕೆ ಐದು ವರ್ಷದಲ್ಲಿ 150 ಗಂಟೆ ನಿರಂತರ ಶಿಕ್ಷಣ ತೋರಿಸಬೇಕು. ಸರ್ಟಿಫಿಕೇಟುಗಳನ್ನು ಬಂದ ದಿನವೇ ಸ್ಕ್ಯಾನ್ ಮಾಡಿಡಿ, ಮಲೆನಾಡಿನ ಮಳೆಗಾಲದ ತೇವದಲ್ಲಿ ಕಾಗದ ಬೂಸಲು ಹಿಡಿಯುತ್ತದೆ.

ಶಿವಮೊಗ್ಗಕ್ಕೆ ಕರೆಸಿ ಮೂರು ದಿನ ತರಬೇತಿ ಕೊಟ್ಟರೂ ಕೆಲಸದಲ್ಲಿ ಬದಲಾವಣೆ ಕಾಣುವುದಿಲ್ಲ. ಯಾಕೆ?

ತರಬೇತಿಯ ಕೋಣೆಯಲ್ಲಿ ಇರುವ ಸಾಮಾನು ಪಿಎಚ್‌ಸಿಯಲ್ಲಿ ಇರುವುದಿಲ್ಲ, ಜೊತೆಗೆ ಕೆಲಸ ಮಾಡುವವರು ಅದೇ ಪಾಠ ಕೇಳಿರುವುದಿಲ್ಲ. ಅಪರೂಪಕ್ಕೆ ಬರುವ ಸಂದರ್ಭದ ಕೌಶಲ ತಿಂಗಳುಗಳಲ್ಲಿ ಮರೆತುಹೋಗುತ್ತದೆ. ತಾಯಿ-ಮಗುವಿನ ಆರೋಗ್ಯಕ್ಕೆಂದು ನಡೆದ ಸುಕ್ಷೇಮ ಯೋಜನೆಯಡಿ ಉತ್ತರ ಕರ್ನಾಟಕದಲ್ಲಿ ಇದನ್ನು ತಿರುಗಿಸಿ ಮಾಡಿದರು. ತರಬೇತಾದ ನರ್ಸ್ ಮಾರ್ಗದರ್ಶಕರೇ ಪಿಎಚ್‌ಸಿಗಳಿಗೆ ಮತ್ತೆ ಮತ್ತೆ ಹೋಗಿ, ಅಲ್ಲಿಯ ಹೆರಿಗೆ ಕೋಣೆಯಲ್ಲೇ, ಅಲ್ಲಿಯ ಕೇಸ್ ಶೀಟ್ ಇಟ್ಟುಕೊಂಡು ಕಲಿಸಿದರು.

ನೀವು ಸಣ್ಣದಾಗಿ ಶುರು ಮಾಡಬಹುದು. ವಾರಕ್ಕೊಮ್ಮೆ 10 ನಿಮಿಷ ರಕ್ತಸ್ರಾವದ ಅಣಕು ಅಭ್ಯಾಸ. ಗಡಿಯಾರ ಹಿಡಿದು ನಾಲ್ಕನ್ನು ಗುರುತಿಸಿ: ಸಹಾಯಕ್ಕೆ ಕೂಗಿದ್ದು, ಗರ್ಭಕೋಶ ಒತ್ತಿ ತಿಕ್ಕಲು ಶುರು ಮಾಡಿದ್ದು, ಔಷಧ ಕೈಗೆ ಬಂದದ್ದು, ಡ್ರಿಪ್ ಹಾಕಿದ್ದು. ಸಾಮಾನ್ಯವಾಗಿ ತಡವಾಗುವುದು ಮೂರನೆಯದರಲ್ಲಿ. ಬೀರುವಿನ ಕೀಲಿ ಡ್ಯೂಟಿ ಮುಗಿಸಿ ಹೋದವರ ಬ್ಯಾಗಿನಲ್ಲಿ ಇರುತ್ತದೆ.

ಗಾಯದ ಫೋಟೊ, ಕೇಸ್ ಶೀಟ್ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಬಹುದೇ?

ಬೇಡ. ಸಂಶೋಧನೆಯ ಮಾಹಿತಿಗೆ ಕೋಡ್ ಸಂಖ್ಯೆ ಕೊಡಿ, ಹೆಸರು ಮತ್ತು ಕೋಡ್ ಜೋಡಿಸುವ ಪಟ್ಟಿಯನ್ನು ಬೇರೆ ಕಡೆ ಬೀಗದಲ್ಲಿಡಿ. ಸಣ್ಣ ಊರಿನಲ್ಲಿ ಹೆಸರು ತೆಗೆದರೂ ಗುರುತು ಸಿಗುತ್ತದೆ. "ಇಂಥ ಗ್ರಾಮದ 19 ವರ್ಷದ ಗರ್ಭಿಣಿ" ಎಂದರೆ ಊರಿಗೆಲ್ಲ ಗೊತ್ತು. ವರದಿಯಲ್ಲಿ 5ಕ್ಕಿಂತ ಕಡಿಮೆ ಸಂಖ್ಯೆ ಬಂದ ಕಡೆ ಗ್ರಾಮದ ಬದಲು ಹೋಬಳಿ ಅಥವಾ ತಾಲ್ಲೂಕು ಮಟ್ಟಕ್ಕೆ ಸೇರಿಸಿ ಬರೆಯಿರಿ.

ಮಾಹಿತಿ ಸಂಗ್ರಹಕ್ಕೆ ಹೋಗುವ ವಿದ್ಯಾರ್ಥಿನಿಯರ ಸುರಕ್ಷತೆ?

ಇಬ್ಬಿಬ್ಬರಾಗಿ ಕಳಿಸಿ, ಆ ಊರಿನ ಆಶಾ ಜೊತೆಗಿರಲಿ, ಆದರೆ ಪ್ರಶ್ನೆ ಕೇಳುವಾಗ ಆಶಾ ಅಂಗಳದಲ್ಲಿರಲಿ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಭಾಗಗಳಲ್ಲಿ ಉದ್ದ ತೋಳಿನ ಬಟ್ಟೆ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಡೆಪಾ ಎಣ್ಣೆ ಕಡ್ಡಾಯ. ಮರಳಿ ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಲಿ. ಎರಡು ವಾರದೊಳಗೆ ಜ್ವರ, ತೀವ್ರ ತಲೆನೋವು ಬಂದರೆ ಎಲ್ಲಿಗೆ ಹೋಗಿದ್ದರೆಂದು ವೈದ್ಯರಿಗೆ ಹೇಳಲೇಬೇಕು. ನೆಟ್‌ವರ್ಕ್ ಸಿಗದ ಕಡೆ ಹೋಗುವಾಗ ಮರಳುವ ಹೊತ್ತನ್ನು ಪಿಎಚ್‌ಸಿ ಬೋರ್ಡಿನಲ್ಲಿ ಬರೆದು ಹೋಗಲಿ.

"ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಹಣ ಕಳಿಸಿ" ಎಂದು ಇಮೇಲ್ ಬರುತ್ತದೆ. ನಂಬಬಹುದೇ?

ನಂಬಬೇಡಿ. ತಜ್ಞರ ಪರಿಶೀಲನೆಗೆ ವಾರಗಳು, ತಿಂಗಳುಗಳು ಹಿಡಿಯುತ್ತವೆ.

ಫಲಿತಾಂಶ ಬಂದ ಮೇಲೆ ಯಾರಿಗೆ ಕೊಡಬೇಕು? ಲೇಖಕರ ಪಟ್ಟಿಯಲ್ಲಿ ಯಾರ ಹೆಸರು?

ಒಂದು ಪುಟದ ಕನ್ನಡ ಸಾರಾಂಶ, ಒಂದೇ ಗ್ರಾಫ್. ಅದನ್ನು ಮೊದಲು ಮಾಹಿತಿ ಕೊಟ್ಟ ಊರಿನ ಗ್ರಾಮ ಆರೋಗ್ಯ ಸಮಿತಿಗೆ, ನಂತರ ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿಗೆ, ಆಮೇಲೆ ತಾಲ್ಲೂಕು ಮತ್ತು ಜಿಲ್ಲೆಗೆ ಕೊಡಿ. ಸೋರುವ ಚಾವಣಿ, ಇನ್ವರ್ಟರ್, ಗಾಜಿನ ಟ್ಯೂಬಿನಂಥ ಸಣ್ಣ ಬೇಡಿಕೆಯನ್ನು ರಕ್ಷಾ ಸಮಿತಿಯ ಹಂತದಲ್ಲೇ ಇಡಿ, ಹುದ್ದೆಯ ಬೇಡಿಕೆಯನ್ನು ವಿಸ್ನ್ ಲೆಕ್ಕದ ಹಾಳೆಯೊಂದಿಗೆ ಜಿಲ್ಲೆಗೆ ಕಳಿಸಿ. ಹುದ್ದೆ ಮಂಜೂರು ರಾಜ್ಯದ ಮಟ್ಟದ ವಿಷಯವಾದ್ದರಿಂದ ತಕ್ಷಣ ಆಗದಿರಬಹುದು. ಆದರೆ ಪಕ್ಕದ ಹಗುರ ಉಪಕೇಂದ್ರದಿಂದ ವಾರಕ್ಕೆ ಎರಡು ದಿನ ಒಬ್ಬರನ್ನು ನಿಯೋಜಿಸುವಂಥ ಹೊಂದಾಣಿಕೆಗೆ ಆ ಹಾಳೆ ಆಧಾರವಾಗುತ್ತದೆ.

ಯೋಜನೆ ರೂಪಿಸುವುದರಲ್ಲಿ ಅಥವಾ ಮಾಹಿತಿ ಸಂಗ್ರಹಿಸುವುದರಲ್ಲಿ ಗಣನೀಯ ಪಾಲು ಪಡೆದು, ಕರಡನ್ನು ಓದಿ ತಿದ್ದಿ, ಅಂತಿಮ ರೂಪವನ್ನು ಒಪ್ಪಿ, ಅದಕ್ಕೆ ಹೊಣೆ ಹೊರುವವರು ಲೇಖಕರು. ಹುದ್ದೆ ದೊಡ್ಡದೆಂಬ ಕಾರಣಕ್ಕೆ ಹೆಸರು ಸೇರಿಸುವಂತಿಲ್ಲ. ಆರು ತಿಂಗಳು ಜೇಬುಪುಸ್ತಕ ತುಂಬಿದ ಸಿಸ್ಟರಿಗೆ ಕರಡನ್ನೇ ತೋರಿಸದೆ "ಕೃತಜ್ಞತೆ"ಯ ಸಾಲಿಗೆ ತಳ್ಳುವುದು ಅನ್ಯಾಯ. ಕರಡು ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಕೂತು ಓದಿ ಹೇಳಿ, ಅವರ ತಿದ್ದುಪಡಿ ಬರೆದುಕೊಳ್ಳಿ, ಹೆಸರಿನ ಕ್ರಮವನ್ನು ಮೊದಲ ನಮೂನೆ ತುಂಬುವ ಮುಂಚೆಯೇ ಎಲ್ಲರೂ ಸೇರಿ ಬರೆದು ಸಹಿ ಹಾಕಿ.